ಅಸ್ಥಾನಕ್ರೋಧ

ಕನ್ನಡದಲ್ಲಿ ಕೋಪಕ್ಕೆ ಇರುವಷ್ಟು ಹೆಸರುಗಳು ಬೇರೆ ಮನೋವಿಕಾರಗಳಿಗೆ ಇರಲಾರವು. ಸಿಟ್ಟು, ಮುನಿಸು, ಕಿನಿಸು, ಸಿಡುಕು, ಸೆಡವು ಎಂಬ ದೇಶ್ಯಗಳು ಒಂದು ಕಡೆ. ರೋಷ, ಅಮರ್ಷ, ಕ್ರೋಧ, ಮನ್ಯು ಎಂಬ ತತ್ಸಮಗಳು ಇನ್ನೊಂದು ಕಡೆ. ಇವುಗಳ ನಡುವೆ ಅರ್ಧ ಕನ್ನಡವೂ ಅರ್ಧ ಸಂಸ್ಕೃತವೂ ಆದ ‘ಮುಂಗೋಪ’ವೆಂಬ ಒಂದು ಪದವುಂಟು. ವಿಚಾರಕ್ಕಿಂತ ಮುಂದಾಗಿ, ಕಾರಣಕ್ಕಿಂತ ದೊಡ್ಡದಾಗಿ ಬರುವ ಕೋಪವೆಂದು ಅದರ ಭಾವ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯಾವ ಓಣಿಯಲ್ಲಿ ನಿಂತು ಕೇಳಿದರೂ, “ಯಜಮಾನರಿಗೆ ಸಿಟ್ಟು ಭಾಳ, ಮನಸ್ಸು ಮಾತ್ರ ಬೆಣ್ಣೆ” ಎಂಬ ಮಾತು ಒಂದಿಲ್ಲೊಂದು ಮನೆಯನ್ನು ಕುರಿತು ಕಿವಿಗೆ ಬೀಳುವದು. ಈ ಒಂದು ವಾಕ್ಯದ ಮರೆಯಲ್ಲಿ ಎಷ್ಟು ತಂಬಿಗೆಗಳು ನೆಗ್ಗಿರುವವೋ, ಎಷ್ಟು ಕೂಸುಗಳು ಬಾಗಿಲ ಸಂದಿಯಲ್ಲಿ ಅಡಗಿ ಕುಳಿತಿರುವವೋ, ಎಷ್ಟು ಜನ ಹೆಣ್ಣುಮಕ್ಕಳು ಮುಖದ ಬಾವಿಗೆ ಇಲ್ಲದ ಕಾರಣ ಹೇಳಿರುವರೋ ಬಲ್ಲವರಾರು? ಇಂಥ ಕೋಪವು ಸ್ವಭಾವವೋ, ದೋಷವೋ, ರೋಗವೋ ಎಂಬ ಪ್ರಶ್ನೆಯು ಹೊಸತಲ್ಲ. ಕಾಲಕಾಲಕ್ಕೆ ಬೇರೆ ಬೇರೆ ದೇಶದವರು ಅದಕ್ಕೆ ಕೊಟ್ಟ ಉತ್ತರಗಳ ಇತಿಹಾಸವನ್ನು ವಾಚಕರ ಮುಂದಿಡುವದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಸೀಮೆಯಿಂದಲೇ ಮೊದಲು ಮಾಡುವದು ಯುಕ್ತ. ಏಕೆಂದರೆ ಕನ್ನಡದಲ್ಲಿ ರೌದ್ರರಸವನ್ನು ರನ್ನನಷ್ಟು ಬಲ್ಲ ಕವಿ ಬೇರೊಬ್ಬನಿಲ್ಲ, ಮತ್ತು ರನ್ನನು ಮುಧೋಳದವನು. ಕ್ರಿ.ಶ. 949ರಲ್ಲಿ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಜಿನವಲ್ಲಭ-ಅಬ್ಬಲಬ್ಬೆಯರ ಮಗನಾಗಿ ಹುಟ್ಟಿ, ಶ್ರವಣಬೆಳಗೊಳದಲ್ಲಿ ಅಜಿತಸೇನಾಚಾರ್ಯರಲ್ಲಿ ಕಲಿತು, ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ಈತನು, ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ‘ಸಾಹಸಭೀಮವಿಜಯ’ವನ್ನು ರಚಿಸಿದನು. ಗದಾಯುದ್ಧವೆಂದು ಜನರು ಕರೆಯುವದು ಇದನ್ನೇ. ಭೀಮನ ಗರ್ಜನೆಯನ್ನು ಕೇಳಿ ಕೊಳದ ನೀರಿನೊಳಗೆ ಅಡಗಿದ್ದ ದುರ್ಯೋಧನನು ಬೆವತನೆಂಬ ಪದ್ಯವು ಶಾಲೆಯ ಹುಡುಗರಿಗೂ ಬಾಯಿಪಾಠವಾಗಿರುವದರಿಂದ ಇಲ್ಲಿ ಉದ್ಧರಿಸುವ ಅವಶ್ಯಕತೆಯಿಲ್ಲ. ನಮಗೆ ಬೇಕಾದ ಸಂಗತಿ ಬೇರೆ. ರನ್ನನ ಭೀಮನು ರೋಗಿಯಲ್ಲ. ಅವನ ಕೋಪಕ್ಕೆ ಕಾರಣವುಂಟು, ಅದು ಎಲ್ಲರೂ ಕಂಡ ಕಾರಣ. ಆ ಕೋಪಕ್ಕೆ ನೆನಪುಂಟು, ಹದಿಮೂರು ವರ್ಷಗಳ ನೆನಪು. ಅದಕ್ಕೆ ಗುರಿಯುಂಟು, ಗೊತ್ತಾದ ತೊಡೆಯೂ ಗೊತ್ತಾದ ಎದೆಯೂ. ದ್ಯೂತಸಭೆಯಲ್ಲಿ ಅಣ್ಣನ ಮಾತಿಗೆ ಕಟ್ಟುಬಿದ್ದು ಕುಳಿತವನು ಅವನು. ಅಷ್ಟು ಕಾಲ ಕಾಯಬಲ್ಲ ಕೋಪವು ಎಷ್ಟೇ ಘೋರವಾದರೂ ಬುದ್ಧಿಯ ಅಧೀನದಲ್ಲಿಯೇ ಇರುವದು. ನಾವು ವಿಚಾರಿಸಹೊರಟ ಕೋಪವಾದರೋ ಅರ್ಧ ತಾಸು ಕೂಡ ಕಾಯಲರಿಯದು. ಸಾರಿನಲ್ಲಿ ಉಪ್ಪು ಹೆಚ್ಚಾದುದಕ್ಕೆ ಭೀಮನ ಗದೆಯನ್ನು ಎತ್ತುವದು ಅದರ ಲಕ್ಷಣ.

ಇದೇ ಮಾತನ್ನು ಹಲಗಲಿಯ ವಿಷಯದಲ್ಲಿಯೂ ಹೇಳಬೇಕು. ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ಧಿಕ್ಕರಿಸಿ 1857ರ ಕಡೆಯಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಎದ್ದರು. ಸರಕಾರದ ದಂಡು ಊರಿಗೆ ಬೆಂಕಿಯಿಟ್ಟಿತು. ಹಿಡಿಸಿಕೊಂಡವರಲ್ಲಿ ಅನೇಕರನ್ನು ಗಲ್ಲಿಗೇರಿಸಿದರು. ಆಳುವವರು ತಮಗೆ ಎದುರು ನಿಂತವರ ರೋಷವನ್ನು ಹುಚ್ಚೆಂದು ಕರೆಯುವದು ಎಲ್ಲ ದೇಶಗಳಲ್ಲಿಯೂ ಇರುವ ರೂಢಿ. ಅನ್ಯಾಯಕ್ಕೆ ತಕ್ಕ ಕೋಪವನ್ನು ವೈದ್ಯನ ಬಳಿಗೆ ಒಯ್ಯತಕ್ಕದ್ದಲ್ಲ. ರೋಗವೆಂಬ ಶಬ್ದವನ್ನು ಎಲ್ಲಿ ಬಳಸಬೇಕೆನ್ನುವದಕ್ಕಿಂತ ಎಲ್ಲಿ ಬಳಸಬಾರದೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವದು ಒಳಿತೆಂದು ಇದನ್ನು ಬರೆದೆನು.

ಇನ್ನು ಶಾಸ್ತ್ರಗಳು. ಭರತಮುನಿಯು ಕ್ರೋಧವನ್ನು ರೌದ್ರಕ್ಕೆ ಸ್ಥಾಯಿಯೆಂದು ಹೇಳಿ, ಅದನ್ನು ಐದು ಬಗೆಯಾಗಿ ವಿಂಗಡಿಸಿರುವನು: ಶತ್ರುವಿನಿಂದ ಹುಟ್ಟಿದ್ದು, ಗುರುವಿನಿಂದ ಹುಟ್ಟಿದ್ದು, ಪ್ರಣಯದಿಂದ ಹುಟ್ಟಿದ್ದು, ಸೇವಕರಿಂದ ಹುಟ್ಟಿದ್ದು, ಕೃತಕವಾದದ್ದು. ಕಾರಣವಿಲ್ಲದ ಕ್ರೋಧಕ್ಕೆ ಈ ಪಟ್ಟಿಯಲ್ಲಿ ಸ್ಥಳವಿಲ್ಲ. ರಂಗದ ಮೇಲೆ ವಿಭಾವವಿಲ್ಲದೆ ಭಾವವಿರಲಾರದಷ್ಟೆ. ಭಗವದ್ಗೀತೆಯ ಎರಡನೆಯ ಅಧ್ಯಾಯವು ವಿಷಯಧ್ಯಾನದಿಂದ ಸಂಗ, ಅದರಿಂದ ಕಾಮ, ಅದರಿಂದ ಕ್ರೋಧ, ಆ ಮೇಲೆ ಸಂಮೋಹ, ಸ್ಮೃತಿಭ್ರಂಶ, ಬುದ್ಧಿನಾಶ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವದು. ಇದು ಮೋಕ್ಷಾರ್ಥಿಗೆ ಹೇಳಿದ ಮಾತು. ಆದರೂ ಕ್ರೋಧದ ನಂತರ ನೆನಪು ಕದಡುವದೆಂಬ ಅಂಶವು ಚಿಕಿತ್ಸಕನಿಗೂ ಉಪಯುಕ್ತವಾಗಿದೆ.

ರೋಗದೃಷ್ಟಿಯಿಂದ ಈ ವಿಷಯವನ್ನು ನಮ್ಮಲ್ಲಿ ಸ್ಪಷ್ಟವಾಗಿ ಹಿಡಿದದ್ದು ಚರಕಸಂಹಿತೆ. ಅದರ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ‘ವೇಗ’ಗಳ ವಿಚಾರವಿದೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ನೀರಡಿಕೆ, ಕಣ್ಣೀರು, ನಿದ್ರೆ ಮೊದಲಾದ ಹದಿಮೂರು ದೇಹವೇಗಗಳನ್ನು ತಡೆಯಬಾರದು, ತಡೆದರೆ ರೋಗ ಬರುವದೆಂದು ಮೊದಲು ಹೇಳಿ, ಆ ಮೇಲೆ ತಡೆಯಲೇಬೇಕಾದ ವೇಗಗಳನ್ನು ಹೇಳಿದೆ. ಲೋಭ, ಶೋಕ, ಭಯಗಳ ಜೊತೆಗೆ ಕ್ರೋಧವೂ ಇವುಗಳಲ್ಲಿ ಸೇರಿರುವದು. ಸಿಟ್ಟನ್ನು ಹೊರಗೆ ಹಾಕಿಬಿಟ್ಟರೆ ಆರೋಗ್ಯವೆಂಬ ಮಾತು ಈಗ ಬಹಳ ಜನರ ಬಾಯಲ್ಲಿದೆಯಷ್ಟೆ. ಚರಕನು ಅದನ್ನು ಒಪ್ಪುತ್ತಿರಲಿಲ್ಲ. ಸೀನನ್ನೂ ಸಿಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗದಿರುವದೇ ಆ ಅಧ್ಯಾಯದ ಹೆಚ್ಚಳ.

ನಿದಾನಸ್ಥಾನದ ಏಳನೆಯ ಅಧ್ಯಾಯವು ಉನ್ಮಾದವನ್ನು ಕುರಿತದ್ದು. ಅಲ್ಲಿ ಪಿತ್ತದಿಂದಾದ ಉನ್ಮಾದದ ಲಕ್ಷಣಗಳನ್ನು ಹೇಳುವಾಗ ಅಮರ್ಷ, ಕ್ರೋಧ, ಸಂರಂಭಗಳನ್ನು ಹೇಳಿ, ಅವಕ್ಕೆ ‘ಅಸ್ಥಾನೇ’ ಎಂಬ ಒಂದು ಶಬ್ದವನ್ನು ಸೇರಿಸಿದೆ. ತಕ್ಕದ್ದಲ್ಲದ ಸ್ಥಳದಲ್ಲಿ ಎಂದರ್ಥ. ಶಸ್ತ್ರ, ಹೆಂಟೆ, ಚಾವಟಿ, ಕಟ್ಟಿಗೆ, ಮುಷ್ಟಿಗಳಿಂದ ತನ್ನವರನ್ನೂ ಪರರನ್ನೂ ಹೊಡೆಯುವನೆಂದೂ ಹೇಳಿದೆ. ತನ್ನವರ ಹೆಸರು ಇಲ್ಲಿ ಮೊದಲು ಬಂದಿರುವದನ್ನು ಲಕ್ಷಿಸಬೇಕು. ಕೋಪವು ರೋಗವಾಗುವದು ಅದರ ತೀಕ್ಷ್ಣತೆಯಿಂದಲ್ಲ, ಅದರ ಅಸ್ಥಾನತೆಯಿಂದ. ನಾನು ಈ ಲೇಖನಕ್ಕೆ ಹೆಸರಿಟ್ಟದ್ದು ಆ ಒಂದು ಪದದ ಬಲದಿಂದ. ಚಿಕಿತ್ಸೆಯ ಭಾಗದಲ್ಲಿ ಕ್ರೋಧಜನ್ಯವಾದ ಮನೋವಿಕಾರವನ್ನು ಅದಕ್ಕೆ ಎದುರಾದ ಭಾವದಿಂದ ಶಮನಗೊಳಿಸಬೇಕೆಂದೂ ಸುಹೃದರು ಧರ್ಮಾರ್ಥಯುಕ್ತವಾದ ಮಾತುಗಳಿಂದ ಸಮಾಧಾನಪಡಿಸಬೇಕೆಂದೂ ವಿಧಿಸಿದೆ. ಅದರ ಜೊತೆಗೇ ರೋಗಿಯನ್ನು ಕಟ್ಟಿಹಾಕುವದು, ಹಲ್ಲು ಕಿತ್ತ ಹಾವಿನಿಂದಲೂ ಪಳಗಿಸಿದ ಸಿಂಹ-ಆನೆಗಳಿಂದಲೂ ಬೆದರಿಸುವದು, ರಾಜಪುರುಷರಿಂದ ಕೊಲ್ಲುವ ಭಯ ಹುಟ್ಟಿಸುವದು ಇವೂ ಇವೆ. ಪ್ರಾಚೀನರನ್ನು ಹೊಗಳುವವರು ಮೊದಲಿನದನ್ನು ಮಾತ್ರ ಹೇಳಿ ಎರಡನೆಯದನ್ನು ಮುಚ್ಚಿಡುವರು; ತೆಗಳುವವರು ಅದನ್ನು ತಿರುವಿ ಹೇಳುವರು. ಗ್ರಂಥದಲ್ಲಿ ಎರಡೂ ಇವೆ.

ಇದೇ ಪ್ರಶ್ನೆಯನ್ನು ಕುರಿತು ಪಾಶ್ಚಾತ್ಯರಲ್ಲಿ ಗ್ರೀಕ ವೈದ್ಯನಾದ ಗ್ಯಾಲೆನನು ಬರೆದದ್ದು ಬಹಳ ರಸವತ್ತಾಗಿದೆ. ಕ್ರಿ.ಶ. 129ರಲ್ಲಿ ಪರ್ಗಮಮೆಂಬ ಪಟ್ಟಣದಲ್ಲಿ ಹುಟ್ಟಿ ರೋಮಿನ ಚಕ್ರವರ್ತಿಗಳಿಗೆ ವೈದ್ಯನಾದ ಈತನು ಮನೋವಿಕಾರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಸಂಕೋಚವಿಲ್ಲದೆ ಮನೆಯ ಮಾತನ್ನೇ ಹೇಳಿರುವನು. ತಂದೆಯು ಶಾಂತಮೂರ್ತಿ, ತಾಯಿಯಾದರೋ ಸಿಟ್ಟಿನ ಭರದಲ್ಲಿ ದಾಸಿಯರನ್ನು ಕಚ್ಚುತ್ತಿದ್ದಳು. ಹುಡುಗನಾಗಿದ್ದಾಗ ಅವನು ಕಂಡ ಒಬ್ಬ ಮನುಷ್ಯನು ಬಾಗಿಲು ತೆರೆಯಲೊಲ್ಲದೆಂದು ಕೀಲಿಕೈಯನ್ನು ಕಚ್ಚಿ, ಬಾಗಿಲನ್ನು ಒದ್ದು, ದೇವರುಗಳನ್ನು ಬೈದನಂತೆ. ಹೇಡ್ರಿಯನ ಚಕ್ರವರ್ತಿಯು ಸಿಟ್ಟಿನಲ್ಲಿ ಸೇವಕನ ಕಣ್ಣಿಗೆ ಲೇಖನಿಯಿಂದ ಇರಿದು, ಆ ಮೇಲೆ ಪಶ್ಚಾತ್ತಾಪಪಟ್ಟು, ಬೇಕಾದುದನ್ನು ಬೇಡೆಂದಾಗ, ಆ ಸೇವಕನು ತನ್ನ ಕಣ್ಣಿನ ಹೊರತು ಬೇರೇನೂ ಬೇಡವೆಂದನೆಂಬ ಕಥೆಯನ್ನೂ ಗ್ಯಾಲೆನನೇ ಹೇಳುವನು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸರಿಯಾದ ಭಾಷ್ಯ ಬೇಕೆ?

ಆದರೆ ಇವೆಲ್ಲಕ್ಕೂ ಮಿಗಿಲಾದದ್ದು ಕ್ರೀಟ ದ್ವೀಪದ ಗಾರ್ಟಿನ ಊರಿನ ಅವನ ಸ್ನೇಹಿತನೊಬ್ಬನ ವೃತ್ತಾಂತ. ಆ ಗೃಹಸ್ಥನು ಸರಳನು, ಸ್ನೇಹಪರನು, ಖರ್ಚಿನಲ್ಲಿ ಧಾರಾಳಿ. ಆದರೆ ಕೋಪ ಬಂದರೆ ಆಳುಗಳನ್ನು ಕೈಯಿಂದಲೂ ಕೆಲವೊಮ್ಮೆ ಕಾಲಿನಿಂದಲೂ, ಬಹಳವಾಗಿ ಚಾವಟಿಯಿಂದಲೂ ಸಿಕ್ಕಿದ ಕಟ್ಟಿಗೆಯಿಂದಲೂ ಹೊಡೆಯುತ್ತಿದ್ದನು. ಇಬ್ಬರೂ ರೋಮಿನಿಂದ ಕೂಡಿ ಬಂದು ಕಾರಿಂಥದ ಬಂದರದಲ್ಲಿ ಇಳಿದು, ದೊಡ್ಡ ಗಂಟುಗಳನ್ನು ಹಡಗಿನ ಮೇಲೆ ಕಳುಹಿಸಿ, ತಾವು ಬಂಡಿಯಲ್ಲಿ ಅಥೆನ್ಸಿಗೆ ಹೊರಟಿದ್ದರು. ದಾರಿಯಲ್ಲಿ ಯಾವುದೋ ಒಂದು ಗಂಟಿನ ವಿಷಯವಾಗಿ ಕೇಳಿದಾಗ ಜೊತೆಯ ಇಬ್ಬರು ಹುಡುಗರಿಗೆ ಉತ್ತರ ತಿಳಿಯಲಿಲ್ಲ. ಅಷ್ಟಕ್ಕೇ ಆತನು ಒರೆಯಲ್ಲಿದ್ದ ಖಡ್ಗವನ್ನು ಒರೆಸಹಿತ ಎತ್ತಿ ಅವರ ತಲೆಯ ಮೇಲೆ ಹೊಡೆದನು. ಒರೆಯು ಸೀಳಿ ಅಲಗು ತಗುಲಿ ಇಬ್ಬರ ತಲೆಗೂ ದೊಡ್ಡ ಗಾಯಗಳಾದವು. ರಕ್ತವನ್ನು ಕಂಡೊಡನೆ ಆತನು ಅಂಜಿ, ಅವರು ಸತ್ತರೆ ಗತಿಯೇನೆಂದು ಅಲ್ಲಿಂದ ಓಡಿದನು. ಗ್ಯಾಲೆನನು ಉಪಚರಿಸಿ ಹುಡುಗರನ್ನು ಉಳಿಸಿದನು. ಕೆಲವು ದಿನಗಳ ತರುವಾಯ ಆ ಕ್ರೀಟದವನು ವೈದ್ಯನ ಕೈಹಿಡಿದು ಒಂದು ಮನೆಯೊಳಗೆ ಕರೆದೊಯ್ದು, ಬಟ್ಟೆ ಕಳಚಿ, ಕೈಗೆ ಚಾವಟಿ ಕೊಟ್ಟು, ಆ ಹಾಳು ಸಿಟ್ಟಿನ ಭರದಲ್ಲಿ ತಾನು ಮಾಡಿದ್ದಕ್ಕಾಗಿ ತನ್ನನ್ನು ಹೊಡೆಯೆಂದು ಮೊಣಕಾಲೂರಿ ಬೇಡಿದನು. ಗ್ಯಾಲೆನನು ನಕ್ಕನು, ಆತನು ಬಿಡಲಿಲ್ಲ. ಕಡೆಗೆ, ಹೊಡೆಯುವೆನು, ಆದರೆ ನಾನು ಹೇಳಿದಂತೆ ಕೇಳಬೇಕೆಂದು ಮಾತು ತೆಗೆದುಕೊಂಡು, ಚಾವಟಿಯನ್ನು ಬದಿಗಿಟ್ಟು, ಕೋಪವನ್ನು ಪಳಗಿಸುವ ರೀತಿಯನ್ನು ಆತನಿಗೆ ಬಹಳ ಹೊತ್ತು ಬೋಧಿಸಿದನು. ಒಂದು ವರ್ಷದೊಳಗಾಗಿ ಆತನು ಬಹಳ ಸುಧಾರಿಸಿದನಂತೆ.

ನಾನು ಈ ವೃತ್ತಾಂತವನ್ನು ಹಿಗ್ಗಿಸಿ ಹೇಳಿದ್ದಕ್ಕೆ ಕಾರಣವುಂಟು. ಅಲ್ಪ ನಿಮಿತ್ತ, ಅತಿ ಹಿಂಸೆ, ಮುಂಚೆ ಯೋಚಿಸದಿರುವದು, ಕ್ಷಣದಲ್ಲಿ ಮುಗಿಯುವದು, ಆ ಮೇಲೆ ತನಗೆ ತಾನೇ ಅಸಹ್ಯವಾಗುವದು, ಹಿಂದೆಯೂ ಇಂಥದು ಅನೇಕ ಸಲ ನಡೆದಿರುವದು. ಇಂದಿನ ಮನೋವೈದ್ಯರು ಹೇಳುವ ಲಕ್ಷಣಗಳೆಲ್ಲ ಈ ಒಬ್ಬ ಮನುಷ್ಯನಲ್ಲಿಯೇ ದೊರೆಯುವವು. ಶಿಕ್ಷೆಯನ್ನು ತಾನಾಗಿ ಬೇಡಿದವನಿಗೆ ವೈದ್ಯನು ಶಿಕ್ಷೆಯನ್ನು ನಿರಾಕರಿಸಿ ಅಭ್ಯಾಸವನ್ನು ವಿಧಿಸಿದನೆಂಬುದೂ ಗಮನಾರ್ಹ. ತಲೆಯೊಡೆದುಕೊಂಡ ಆ ಹುಡುಗರ ಹೆಸರುಗಳನ್ನು ಮಾತ್ರ ಗ್ರಂಥವು ಹೇಳುವದಿಲ್ಲ. ಇಂಥ ಕಥೆಗಳಲ್ಲಿ ಅವರ ಹೆಸರು ಉಳಿಯದಿರುವದು ರೂಢಿ.

ಮಧ್ಯದ ಶತಮಾನಗಳನ್ನು ದಾಟಿ ಬರೋಣ. ಫ್ರಾನ್ಸಿನ ಪಿನೆಲನು 1801ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬುದ್ಧಿಯು ನೆಟ್ಟಗಿದ್ದು ಆವೇಗ ಮಾತ್ರ ಕೆಟ್ಟಿರುವ ಒಂದು ಬಗೆಯ ಉನ್ಮಾದವನ್ನು ವರ್ಣಿಸಿದನು. ದುರ್ಬಲಳಾದ ತಾಯಿಯು ಮುದ್ದಿನಿಂದ ಬೆಳೆಸಿದ ಒಬ್ಬನೇ ಮಗ. ನಾಯಿ ಕಾಡಿದರೆ ನಾಯಿಯನ್ನು ಕೊಲ್ಲುವನು, ಕುದುರೆ ಕೆರಳಿದರೆ ಅದನ್ನು ಬಡಿಯುವನು. ಶಾಂತನಾಗಿದ್ದಾಗ ತನ್ನ ದೊಡ್ಡ ಆಸ್ತಿಯನ್ನು ಜಾಣತನದಿಂದ ನೋಡಿಕೊಳ್ಳುವನು, ಬಡವರಿಗೆ ದಾನವನ್ನೂ ಮಾಡುವನು. ಕಡೆಗೆ ಬೈದ ಹೆಂಗಸೊಬ್ಬಳನ್ನು ಬಾವಿಗೆ ನೂಕಿ ಬಿಸೆತ್ರದ ಆಸ್ಪತ್ರೆಯಲ್ಲಿ ಸೆರೆಯಾದನು. ‘ಮನಸ್ಸು ಬೆಣ್ಣೆ’ ಎಂಬ ಮಾತು ಪ್ಯಾರಿಸಿನಲ್ಲಿಯೂ ನಡೆಯುತ್ತಿದ್ದಿರಬೇಕು! ಅಲ್ಲಿಯವರೆಗೆ ಬುದ್ಧಿ ಕೆಟ್ಟರೆ ಮಾತ್ರ ಹುಚ್ಚೆಂಬ ಮತವಿತ್ತು. ಇಚ್ಛೆಯು ಬೇರೆಯಾಗಿಯೇ ಕೆಡಬಲ್ಲದೆಂದು ಪಿನೆಲನೂ ಅವನ ಶಿಷ್ಯನಾದ ಎಸ್ಕಿರೋಲನೂ ತೋರಿಸಿದರು. ಮಲಯ ದೇಶದಲ್ಲಿ ಮನುಷ್ಯನು ಹಠಾತ್ತನೆ ಎದ್ದು ಕಂಡಕಂಡವರನ್ನು ಇರಿಯುತ್ತ ಓಡುವ ‘ಅಮೋಕ್’ ಎಂಬ ಆವೇಶವನ್ನು ಆಂಗ್ಲ ವೈದ್ಯರು ಆ ಶತಮಾನದಲ್ಲಿ ಬಹಳ ಚರ್ಚಿಸಿದರು. ಅದು ನಮ್ಮ ವಿಷಯಕ್ಕೆ ನೆರೆಯದಾದರೂ ಒಂದೇ ಅಲ್ಲ.

ನ್ಯಾಯಶಾಸ್ತ್ರವು ಈ ಕೋಪಕ್ಕೆ ಎರಡು ಕಿಂಡಿಗಳನ್ನು ಬಿಟ್ಟಿತು, ಎರಡರಲ್ಲಿಯೂ ಇದು ಸುಲಭವಾಗಿ ನುಸುಳದು. 1860ರ ಭಾರತೀಯ ದಂಡಸಂಹಿತೆಯ 84ನೆಯ ಕಲಮು, ಬುದ್ಧಿವಿಕಲತೆಯಿಂದ ತನ್ನ ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯದವನ ಕೃತ್ಯವು ಅಪರಾಧವಲ್ಲವೆಂದಿತು. ಮುಂಗೋಪಿಯು ಸಾಮಾನ್ಯವಾಗಿ ಎಲ್ಲವನ್ನೂ ಅರಿತಿರುವನು, ತಡೆಯಲಾರನು ಅಷ್ಟೆ. 300ನೆಯ ಕಲಮಿನ ಮೊದಲನೆಯ ವಿನಾಯಿತಿಯು ‘ಗಂಭೀರವೂ ಹಠಾತ್ತೂ ಆದ ಪ್ರಚೋದನೆ’ಗೆ ಸಂಬಂಧಿಸಿದ್ದು, ಸಾರಿನ ಉಪ್ಪು ಗಂಭೀರ ಪ್ರಚೋದನೆಯಲ್ಲ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಎರಡು ತತ್ತ್ವಗಳು ಉಳಿದಿವೆ. ಇದು ಸರಿಯೆಂದೇ ನನ್ನ ಮತ. ರೋಗವೆಂದು ತಿಳಿದ ಮಾತ್ರಕ್ಕೆ ಹೊಡೆತ ತಿಂದವರ ನೋವು ಕಡಿಮೆಯಾಗದು.

ನಮ್ಮ ಭಾಗಕ್ಕೆ ಹತ್ತಿರದ ಮನೋರೋಗಾಲಯವೆಂದರೆ ಧಾರವಾಡದ್ದು. ಮುಂಬಯಿ ಆಧಿಪತ್ಯದ ಕಾಲದಲ್ಲಿ, 1845ರಲ್ಲಿ, ಅದು ಹುಚ್ಚರ ಆಶ್ರಯಸ್ಥಾನವಾಗಿ ಆರಂಭವಾಯಿತು. ಆಗ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರಲ್ಲಿ. 1858ರ ಕಾಯಿದೆಯೂ 1912ರ ಕಾಯಿದೆಯೂ ಹುಚ್ಚರನ್ನು ಹಿಡಿದಿಡುವ ಕಾಯಿದೆಗಳು. ಗುಣಪಡಿಸುವದಕ್ಕಿಂತ ಊರಿಗೆ ಅಪಾಯವಾಗದಂತೆ ನೋಡಿಕೊಳ್ಳುವದರ ಕಡೆಗೇ ಅವುಗಳ ಲಕ್ಷ್ಯ. ಮನೆಯಲ್ಲಿ ಮಾತ್ರ ರೇಗುವವನು, ಚಾವಡಿಯಲ್ಲಿ ನಗುನಗುತ್ತ ಕೂಡುವವನು, ಆ ಕಾಯಿದೆಗಳ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ. 1987ರ ಮಾನಸಿಕ ಆರೋಗ್ಯ ಕಾಯಿದೆಯ ನಂತರ 2017ರಲ್ಲಿ ಬಂದ ಕಾಯಿದೆಯು ರೋಗಿಗೆ ಚಿಕಿತ್ಸೆಯನ್ನು ಹಕ್ಕೆಂದು ಕೊಟ್ಟಿತು. ಧಾರವಾಡದ ಹಳೆಯ ಆಶ್ರಯಸ್ಥಾನವು ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಕೇಂದ್ರಗಳ ಡಾಕ್ಟರರಿಗೇ ಮನೋರೋಗದ ಶಿಕ್ಷಣ ಕೊಟ್ಟು ನಡೆಸಿದ ಪ್ರಯೋಗವು ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ.

ಕೋಪದ ಸ್ಥಾನವು ಮಿದುಳಿನಲ್ಲಿ ಎಲ್ಲಿ ಎಂಬ ಶೋಧವೂ ಈ ಕಾಲದ್ದೇ. 1848ರ ಸಪ್ಟಂಬರದಲ್ಲಿ ಅಮೇರಿಕೆಯ ವರ್ಮಾಂಟಿನಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಾಸ ಗೇಜನೆಂಬವನ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಹಾರೆಯು ನೆತ್ತಿಯಿಂದ ಹೊರಬಿತ್ತು. ಅವನು ಬದುಕಿದನು, ಆದರೆ ಮೊದಲು ಸಮತೋಲದವನಾಗಿದ್ದವನು ಸಿಡುಕನೂ ಬಾಯಿಬಡುಕನೂ ಆದನೆಂದು ವೈದ್ಯ ಹಾರ್ಲೋ ಬರೆದಿಟ್ಟನು. 1925ರಲ್ಲಿ ಕ್ಯಾನನ್ ಮತ್ತು ಬ್ರಿಟನ್ ಎಂಬವರು ಬೆಕ್ಕಿನ ಮಿದುಳಿನ ಹೊರಪದರವನ್ನು ತೆಗೆದರೆ ಅದು ನಿಷ್ಕಾರಣವಾಗಿ ಉಗ್ರವಾಗಿ ಕೆರಳುವದೆಂದು ತೋರಿಸಿದರು. ಎಂದರೆ ಕೋಪವು ಒಳಗೆ ಸದಾ ಸಿದ್ಧವಾಗಿದ್ದು, ಮೇಲಿನ ಭಾಗವು ಅದನ್ನು ಹಿಡಿದಿರುವದೆಂದಾಯಿತು. ಹಿಡಕಲ್ಲ ಆಣೆಕಟ್ಟಿನ ಬಾಗಿಲುಗಳನ್ನು ಬಲ್ಲ ಘಟಪ್ರಭೆಯ ದಂಡೆಯ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭಯಕೋಪಗಳ ಗಂಟೆ ಬಾರಿಸುವ ಅಮಿಗ್ಡಲವೆಂಬ ಬಾದಾಮಿಯಾಕಾರದ ಭಾಗವೂ ಅದನ್ನು ಸಂತೈಸುವ ಮುಂಮಿದುಳೂ ಸರಿಯಾಗಿ ಹೊಂದಿಕೊಳ್ಳದಿರುವದನ್ನು ಇತ್ತೀಚಿನ ಶೋಧಕರು ಇಂಥ ರೋಗಿಗಳಲ್ಲಿ ಕಂಡಿರುವರು. ಸಿರೊಟೊನಿನ್ ಎಂಬ ರಸದ ಕೊರತೆಗೂ ಆವೇಗದ ಹಿಂಸೆಗೂ ನಂಟಿದೆಯೆಂಬ ಸೂಚನೆಯು 1979ರಿಂದ ದೊರೆಯತೊಡಗಿತು. ಬಾಲ್ಯದಲ್ಲಿ ಹೊಡೆತ ತಿಂದವರಲ್ಲಿ ಈ ವ್ಯಾಧಿ ಹೆಚ್ಚೆಂಬುದು ನಿಶ್ಚಿತವಾಗಿದೆ.

ವ್ಯಾಧಿಗೆ ಪ್ರತ್ಯೇಕ ಹೆಸರು ದೊರೆತದ್ದು 1980ರಲ್ಲಿ. ಅಮೇರಿಕೆಯ ಮನೋವೈದ್ಯರ ಸಂಘವು ತನ್ನ ಮೂರನೆಯ ಕೈಪಿಡಿಯಲ್ಲಿ ಇದನ್ನು ಇಂಟರ್‌ಮಿಟೆಂಟ್ ಎಕ್ಸ್‌ಪ್ಲೋಸಿವ್ ಡಿಸಾರ್ಡರ್ ಎಂದು ಕರೆಯಿತು. ಬಿಟ್ಟು ಬಿಟ್ಟು ಸಿಡಿಯುವ ವ್ಯಾಧಿಯೆಂದು ಹೇಳಬಹುದು. 2013ರ ಐದನೆಯ ಆವೃತ್ತಿಯ ನಿಯಮದಂತೆ, ಸರಾಸರಿ ವಾರಕ್ಕೆ ಎರಡು ಸಲದಂತೆ ಮೂರು ತಿಂಗಳು ಬೈಗಳ ಇಲ್ಲವೆ ಗಾಯವಾಗದ ಹೊಡೆತದ ಸ್ಫೋಟಗಳು ನಡೆದಿರಬೇಕು, ಅಥವಾ ಒಂದು ವರ್ಷದಲ್ಲಿ ವಸ್ತುನಾಶವೋ ಗಾಯವೋ ಆದ ಮೂರು ಸ್ಫೋಟಗಳಾಗಿರಬೇಕು, ನಿಮಿತ್ತಕ್ಕೆ ಮೀರಿರಬೇಕು, ಮುಂಚೆ ಯೋಚಿಸಿ ಮಾಡಿದ್ದಾಗಿರಬಾರದು, ಹಣವನ್ನೋ ಅಧಿಕಾರವನ್ನೋ ಗಳಿಸಲು ಮಾಡಿದ್ದೂ ಆಗಿರಬಾರದು, ವಯಸ್ಸು ಕನಿಷ್ಠ ಆರಾಗಿರಬೇಕು. ಮದ್ಯ, ತಲೆಯ ಪೆಟ್ಟು, ಅಪಸ್ಮಾರ ಅಥವಾ ಬೇರೊಂದು ಮನೋರೋಗದಿಂದ ಆದದ್ದಾದರೆ ಹೆಸರು ಬೇರೆ. 2006ರಲ್ಲಿ ಅಮೇರಿಕೆಯ 9,282 ಜನರನ್ನು ವಿಚಾರಿಸಿ ಪ್ರಕಟಿಸಿದ ಲೆಕ್ಕದಲ್ಲಿ ಜೀವಿತದಲ್ಲಿ ಎಂದಾದರೂ ಇದಕ್ಕೆ ಒಳಗಾದವರು ನೂರಕ್ಕೆ 7.3, ಬಿಗಿಯಾದ ಲಕ್ಷಣದಿಂದ ಅಳೆದರೆ ಇದಕ್ಕಿಂತ ಕಡಿಮೆ. ಮೊದಲ್ಗೊಳ್ಳುವ ಸರಾಸರಿ ವಯಸ್ಸು ಹದಿನಾಲ್ಕು. ಮೀಸೆ ಮೂಡುವ ಹುಡುಗನ ಸಿಟ್ಟನ್ನು ಗಂಡಸುತನವೆಂದು ಹೊಗಳುವ ಅಜ್ಜಿಯರು ಈ ಸಂಖ್ಯೆಯನ್ನು ನೆನಪಿಡಬೇಕು.

ಇಷ್ಟು ತಿಳಿದ ಮೇಲೆ ಒಂದು ಸೂಕ್ಷ್ಮವನ್ನು ಹೇಳದಿದ್ದರೆ ಲೇಖನವು ಅಪಾಯಕಾರಿಯಾದೀತು. ಸಾಹುಕಾರನೆದುರು ತಲೆತಗ್ಗಿಸಿ ನಿಂತು ಸಂಜೆಗೆ ಹೆಂಡತಿಯ ಮೇಲೆ ಮಾತ್ರ ಕೈಯೆತ್ತುವವನೆಲ್ಲ ರೋಗಿಯೆಂದು ಭಾವಿಸತಕ್ಕದ್ದಲ್ಲ. ಅವಳನ್ನು ಹೆದರಿಕೆಯಲ್ಲಿಡುವದೇ ಯಾರ ಗುರಿಯೋ ಅವರದು ವ್ಯಾಧಿಯಲ್ಲ, ದೌರ್ಜನ್ಯ. ಅದಕ್ಕೆ 2005ರ ಕೌಟುಂಬಿಕ ಹಿಂಸೆಯ ಕಾಯಿದೆಯುಂಟು. ನಿಜವಾದ ರೋಗಿಯು ಹೊಲದಲ್ಲಿ, ಸಂತೆಯಲ್ಲಿ, ಮಗ್ಗದ ಮುಂದೆ, ತನಗೇ ನಷ್ಟವಾಗುವಲ್ಲಿಯೂ ಸಿಡಿಯುವನು. ಕೈಯಾರೆ ನೇಯ್ದ ಸೀರೆಯನ್ನು ಕೈಯಾರೆ ಹರಿದು ಅದರ ಮುಂದೆ ಕುಳಿತು ಅಳುವನು. ಆದರೂ ಎರಡೂ ಒಬ್ಬನಲ್ಲಿಯೇ ಇರಬಹುದಾದ್ದರಿಂದ, ಮನೆಯವರ ರಕ್ಷಣೆ ಮೊದಲು, ರೋಗನಿರ್ಣಯ ಆ ಮೇಲೆ.

ಚಿಕಿತ್ಸೆಯುಂಟು. ಸಿರೊಟೊನಿನ್ ಹೆಚ್ಚಿಸುವ ಫ್ಲೂಆಕ್ಸೆಟಿನ್ ಎಂಬ ಔಷಧಿಯು ಸ್ಫೋಟಗಳನ್ನು ಕಡಿಮೆ ಮಾಡಿತೆಂದು 2009ರ ಪರೀಕ್ಷೆಯೊಂದು ತೋರಿಸಿದೆ. ಎಲ್ಲರಿಗೂ ಪೂರ್ಣವಾಗಿ ನಾಟದು, ಡಾಕ್ಟರರ ಅಪ್ಪಣೆಯಿಲ್ಲದೆ ತೆಗೆದುಕೊಳ್ಳಬಾರದು, ನಡುವೆ ಬಿಡಬಾರದು. ವಿಚಾರ-ವರ್ತನೆಗಳನ್ನು ತಿದ್ದುವ ಮಾತಿನ ಚಿಕಿತ್ಸೆಯೂ ಪ್ರಯೋಗದಲ್ಲಿ ಗುಣ ಕೊಟ್ಟಿದೆ: ಸಿಟ್ಟೇರುವ ಮುಂಚಿನ ಎದೆಬಡಿತವನ್ನು ಗುರುತಿಸುವದು, ಸ್ಥಳ ಬಿಟ್ಟು ನಡೆಯುವದು, ‘ಬೇಕೆಂದೇ ಮಾಡಿದರು’ ಎಂಬ ಊಹೆಯನ್ನು ಪರೀಕ್ಷಿಸುವದು, ಸ್ನಾಯುಗಳನ್ನು ಸಡಿಲಿಸುವದನ್ನು ದಿನವೂ ಅಭ್ಯಸಿಸುವದು. ಗಾರ್ಟಿನದವನಿಗೆ ಗ್ಯಾಲೆನನು ವಿಧಿಸಿದ್ದು ಇದರ ಪೂರ್ವಜನೆಂದೇ ಹೇಳಬೇಕು. ಧಾರವಾಡದವರೆಗೆ ಹೋಗಲು ನಾಚುವವರಿಗೆ ಇನ್ನೊಂದು ದಾರಿಯೂ ಇದೆ: 2022ರ ಅಕ್ಟೋಬರ 10ರಂದು ಭಾರತ ಸರಕಾರವು ತೆರೆದ ಟೆಲಿ-ಮಾನಸ್ ಎಂಬ ದೂರವಾಣಿಯ ಸೇವೆ. ಅದರ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ ದೊರೆಯುವದು, ಹಣ ಬೀಳದು, ಉತ್ತರವನ್ನು ಕನ್ನಡದಲ್ಲಿಯೇ ಕೊಡುವರು. ರೋಗಿಯೇ ಕರೆಯಬೇಕೆಂದಿಲ್ಲ, ಬಾಗಿಲ ಸಂದಿಯಲ್ಲಿ ಕುಳಿತವರೂ ಕರೆಯಬಹುದು.